ಹದ್ದಿಲ್ಲದ ಹೊತ್ತಿನಲ್ಲಿ ಹದ್ದಿನ ಗೂಡು

ಚಳಿಗಾಲದಲ್ಲಿ ಬೇಟೆಹಕ್ಕಿಯ ಗೂಡು ಖಾಲಿ ಎಂಬ ಮಾತು ಅರ್ಧ ಪ್ರಪಂಚಕ್ಕೆ ನಿಜ, ನಂದಿಬೆಟ್ಟದ ಬಳಿಯ ನಮ್ಮ ಮುದ್ದೇನಹಳ್ಳಿಯ ಮಟ್ಟಿಗೆ ಸುಳ್ಳು. ಎಸ್ಟೋನಿಯಾ, ಲಾಟ್ವಿಯಾ, ಸ್ಕಾಟ್ಲೆಂಡ್ ಕಡೆಯ ಪಕ್ಷಿಪ್ರಿಯರು ಹದ್ದು, ಗಿಡುಗಗಳ ಗೂಡಿನ ಪಕ್ಕ ಕ್ಯಾಮೆರಾ ಕಟ್ಟಿ, ಅಲ್ಲಿ ನಡೆಯುವುದನ್ನು ಇಂಟರ್‌ನೆಟ್‌ನಲ್ಲಿ ಹಗಲೂ ರಾತ್ರಿ ತೋರಿಸುತ್ತಾರೆ. ಮರಿಗಳು ಹಾರಿ, ತಂದೆತಾಯಿ ದಕ್ಷಿಣಕ್ಕೆ ಹೋಗಿ, ಗೂಡಿನ ಮೇಲೆ ಹಿಮ ಬಿದ್ದು ದಿಬ್ಬವಾದ ಮೇಲೂ ನೋಡುವವರು ನೋಡುತ್ತಲೇ ಇರುತ್ತಾರೆ. ಖಾಲಿ ಗೂಡಿನಲ್ಲಿ ನೋಡುವುದೇನಿದೆ ಅನ್ನಿಸಬಹುದು. ಇದೆ. ಯಜಮಾನ ಇದ್ದಾಗ ಹತ್ತಿರ ಸುಳಿಯಲು ಹೆದರುತ್ತಿದ್ದ ಹಕ್ಕಿಗಳೆಲ್ಲ ಒಂದೊಂದಾಗಿ ಬಂದುಹೋಗುವುದು ಆಗಲೇ.

ಮೊದಲು ಬರುವುದು ಕಾಗೆಯ ಬಳಗ. ಅದಕ್ಕೆ ಬೇಕಾದದ್ದು ಗೂಡಲ್ಲ, ಗೂಡಿನಲ್ಲಿ ಉಳಿದುಹೋದದ್ದು: ಮೀನಿನ ಮೂಳೆ, ಒಣಗಿದ ಚರ್ಮದ ಚೂರು, ಪುಕ್ಕದಡಿ ಸಿಕ್ಕಿಕೊಂಡ ಮಾಂಸದ ಎಳೆ. ಆಮೇಲೆ ಟಿಟ್ ಎಂಬ ಅಂಗೈಯಗಲದ ಹಕ್ಕಿ. ಇದರ ಬಂಧುವೊಂದು ನಮ್ಮ ನಂದಿಬೆಟ್ಟದಲ್ಲೂ ಇದೆ. ಅದು ಕಡ್ಡಿಗಳ ಸಂದಿಯಲ್ಲಿ ಕೊಕ್ಕು ತೂರಿಸಿ, ಚಳಿಗೆ ಮುದುಡಿ ಕೂತ ಜೇಡ, ಹುಳುಗಳನ್ನು ಹೆಕ್ಕುತ್ತದೆ. ಮರಕುಟಿಗವೂ ಇದೇ ಕೆಲಸಕ್ಕೆ ಬರುತ್ತದೆ. ಊರಿಗೇ ಎತ್ತರದ ಜಾಗ ಎಂಬ ಒಂದೇ ಕಾರಣಕ್ಕೆ ಬೇರೆ ಗಿಡುಗವೊಂದು ಬಂದು ಗಂಟೆಗಟ್ಟಲೆ ಕೂರುವುದೂ ಉಂಟು.

ಇಷ್ಟೆಲ್ಲ ಬಂದುಹೋಗುವವರ ಕಥೆ. ಜಾಗ ಹಿಡಿಯಲೆಂದೇ ಬರುವವರು ಬೇರೆ. ಗೂಬೆಗಳಿಗೆ ಗೂಡು ಕಟ್ಟಲು ಬರುವುದಿಲ್ಲ. ಆ ಕುಲದಲ್ಲಿ ಕೆಲವು ಪೊಟರೆ ಹುಡುಕುತ್ತವೆ, ಕೆಲವು ಬಂಡೆಯ ಚಾಚನ್ನು, ಇನ್ನು ಕೆಲವು ಬೇರೊಬ್ಬರು ಕಟ್ಟಿದ್ದನ್ನು. ಅಮೆರಿಕದ ಕೊಂಬಿನ ಗೂಬೆ ಜನವರಿ, ಫೆಬ್ರುವರಿಯ ಹಿಮದಲ್ಲೇ ಗಿಡುಗದ ಹಳೆಯ ಗೂಡಿನಲ್ಲಿ ಮೊಟ್ಟೆಯಿಟ್ಟು, ಬೆನ್ನ ಮೇಲೆ ಹಿಮ ಹೊತ್ತು ಕಾವು ಕೊಡುತ್ತದೆ. ವಸಂತಕ್ಕೆ ಗಿಡುಗ ವಾಪಸು ಬರುವಷ್ಟರಲ್ಲಿ ಒಳಗೆ ಗೂಬೆಮರಿಗಳು ಕಣ್ಣು ಬಿಟ್ಟಿರುತ್ತವೆ. ಕೆನಡಾ ಹೆಬ್ಬಾತಿನದೂ ಇದೇ ಜಾಣತನ: ಮೀನು ಹಿಡಿದು ಬದುಕುವ ಆಸ್ಪ್ರೇ ಎಂಬ ಗಿಡುಗ ದಕ್ಷಿಣದಿಂದ ಮರಳುವ ಮೊದಲೇ ಅದರ ಗೂಡಿನಲ್ಲಿ ಮೊಟ್ಟೆ ಇಟ್ಟುಬಿಡುತ್ತದೆ. ಬಾತಿನ ಮರಿ ಮೊಟ್ಟೆಯೊಡೆದ ಒಂದೆರಡು ದಿನದಲ್ಲೇ ಅಷ್ಟೆತ್ತರದಿಂದ ನೆಲಕ್ಕೆ ಹಾರಬೇಕಾಗುತ್ತದೆ, ಅದು ಬೇರೆ ಮಾತು.

ಹಾಗಾದರೆ ಯಜಮಾನ ಎಲ್ಲಿ? ಯುರೋಪಿನ ಆಸ್ಪ್ರೇಗಳು ಬಹುಪಾಲು ಆಫ್ರಿಕಕ್ಕೆ ಹೋಗುತ್ತವೆ. ಏಷ್ಯಾದ ಉತ್ತರದವು ನಮ್ಮಲ್ಲಿಗೆ ಬರುತ್ತವೆ. ಅಕ್ಟೋಬರಿನ ಹೊತ್ತಿಗೆ ಕಬಿನಿ ಹಿನ್ನೀರಿನ ಒಣಮರಗಳ ಮೇಲೆ, ಕನ್ನಂಬಾಡಿಯ ಅಗಾಧ ನೀರಿನ ಅಂಚಿನಲ್ಲಿ, ದೊಡ್ಡ ಕೆರೆಗಳಲ್ಲಿ ಅವು ಕಾಣಿಸಿಕೊಳ್ಳುತ್ತವೆ. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆಯ ಹಿಂದೆ ಇದ್ದದ್ದು ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯ. ಮಂಡ್ಯದ ಗದ್ದೆಗೆಂದು ನಿಲ್ಲಿಸಿದ ನೀರು ಉತ್ತರ ದೇಶದ ಗಿಡುಗಕ್ಕೂ ಆರು ತಿಂಗಳ ಊಟ ಹಾಕುತ್ತಿದೆ. ಆಸ್ಪ್ರೇ ಇಲ್ಲಿ ಗೂಡು ಕಟ್ಟುವುದಿಲ್ಲ. ಮೊದಲ ಸಲ ಬಂದ ಎಳೆಯ ಹಕ್ಕಿ ಬೇಸಿಗೆಯಲ್ಲೂ ಊರಿಗೆ ಮರಳದೆ ದಕ್ಷಿಣದಲ್ಲೇ ಉಳಿದುಬಿಡುವುದುಂಟು. ದೊಡ್ಡವು ಮಾತ್ರ ಮಾರ್ಚ್ ಹೊತ್ತಿಗೆ ಹೊರಟು, ಹೆಬ್ಬಾತೋ ಹಿಮವೋ ಕೂತ ಗೂಡಿಗೆ ವಾಪಸಾಗುತ್ತವೆ.

ಈಗ ನಮ್ಮ ಊರಿಗೆ ಬರೋಣ. ನಂದಿಬೆಟ್ಟ 1,478 ಮೀಟರ್ ಎತ್ತರದ ಬಂಡೆ. ಸುತ್ತ ಸ್ಕಂದಗಿರಿ, ಬ್ರಹ್ಮಗಿರಿ, ಚನ್ನಗಿರಿ. ಬುಡದಲ್ಲಿ ದ್ರಾಕ್ಷಿ ಚಪ್ಪರ, ಹಿಪ್ಪುನೇರಳೆ ತೋಟ, ರಾಗಿ ಹೊಲ, ನಡುವೆ ಒಂದೊಂದು ಹಳೆಯ ಹುಣಿಸೆ, ಆಲ, ಅರಳಿ. ಇಲ್ಲಿ ಬೇಟೆಹಕ್ಕಿಗಳ ಪಂಚಾಂಗವೇ ತಿರುಗುಮುರುಗು. ದೀಪಾವಳಿ ಕಳೆದ ಮೇಲೆ ಹದ್ದು ಬಾಯಲ್ಲಿ ಕಡ್ಡಿ ಕಚ್ಚಿಕೊಂಡು ಹಾರುವುದು ಕಾಣತೊಡಗುತ್ತದೆ. ಸಂಕ್ರಾಂತಿಯ ಹೊತ್ತಿಗೆ ಹದ್ದು, ಗರುಡ, ಹಾವುಗಿಡುಗ, ಬೊನೆಲ್ಲಿ ಗಿಡುಗ ಎಲ್ಲವೂ ಸಂಸಾರದ ಕೆಲಸದಲ್ಲಿ ಮುಳುಗಿರುತ್ತವೆ. ಬಂಡೆಗೋಡೆಗಳನ್ನೇ ಹುಡುಕಿ ಮೊಟ್ಟೆಯಿಡುವ ಶಾಹೀನ್ ಎಂಬ ಫಾಲ್ಕನ್, ಬಂಡೆ ಸಂದಿಯ ನೆಲದಲ್ಲೇ ಮೊಟ್ಟೆಯಿಡುವ ಕೊಂಬಿನ ಗೂಬೆ, ಇವಕ್ಕೂ ಇದೇ ಕಾಲ. ಬಿಜ್ಜು ಎಂಬ ಸಣ್ಣ ಗಿಡುಗ ಮಾತ್ರ ಸ್ವಲ್ಪ ತಡ. ಯುಗಾದಿಯ ಆಸುಪಾಸಿನಲ್ಲಿ ಶುರುಮಾಡುತ್ತದೆ.

ಬೇರೆ ಹಕ್ಕಿಗಳು ಹೀಗಲ್ಲ. ಕಾಗೆ ಬೇಸಿಗೆಯ ಕೊನೆಗೆ ಗೂಡಿಗೆ ಇಳಿಯುತ್ತದೆ, ಅದರ ಹಿಂದೆಯೇ ಕೋಗಿಲೆ. ಗೀಜಗ ಮಳೆ ಬಿದ್ದು ಹಸಿ ಹುಲ್ಲು ಎದ್ದ ಮೇಲೆ. ಹುಳು ತಿನ್ನಿಸಿ ಮರಿ ಸಾಕುವವರಿಗೆ ಮಳೆಯೇ ಸುಗ್ಗಿ. ಬೇಟೆಹಕ್ಕಿಯ ಸುಗ್ಗಿ ಒಣಗಾಲದಲ್ಲಿದೆ. ನವೆಂಬರ್, ಡಿಸೆಂಬರಿನಲ್ಲಿ ರಾಗಿ ಕೊಯ್ಲಾಗುತ್ತದೆ. ತಿಂದು ಕೊಬ್ಬಿದ ಇಲಿಗೆ ಅಡಗಲು ಪೈರಿಲ್ಲ. ಹುಲ್ಲು ಒಣಗಿ ಕೂರುತ್ತದೆ, ಎಲೆ ಉದುರುತ್ತದೆ, ಓತಿಕ್ಯಾತ, ಹಾವು, ಕವುಜುಗ ಎಲ್ಲ ಬಯಲಿಗೆ ಬೀಳುತ್ತವೆ. ಬಿಸಿಲಿಗೆ ಕಾದ ಬಂಡೆಯಿಂದ ಏಳುವ ಬಿಸಿಗಾಳಿ ರೆಕ್ಕೆ ಬಡಿಯದೆ ಮೇಲೇರಲು ಮೆಟ್ಟಿಲಾಗುತ್ತದೆ. ಮಳೆಯಲ್ಲಿ ಇದ್ಯಾವುದೂ ಇಲ್ಲ. ತೆರೆದ ಗೂಡಿನಲ್ಲಿ ಕೂತ ಮರಿ ತೊಯ್ದರೆ ಉಳಿಯುವುದು ಕಷ್ಟ. ದೂರದಿಂದ ಬೇಟೆ ಕಾಣುವುದೂ ಇಲ್ಲ. ಆದ್ದರಿಂದ ಮುಂಗಾರಿಗೆ ಮುಂಚೆ ಮರಿ ಹಾರಲು ಕಲಿತಿರಬೇಕು. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಮೊಟ್ಟೆಗೆ ಚಳಿಗಾಲವೇ ಬರುತ್ತದೆ.

ಹೀಗಾಗಿ ಉತ್ತರ ದೇಶದವರು ಜನವರಿಯಲ್ಲಿ ನೋಡುವ ಖಾಲಿ ಗೂಡನ್ನು ನಾವು ನೋಡಬೇಕಾದದ್ದು ಆಷಾಢದಲ್ಲಿ. ಗಾಳಿಗೆ ಅರ್ಧ ಗೂಡು ಉದುರಿರುತ್ತದೆ. ಉಳಿದ ಅರ್ಧಕ್ಕೆ ಕಾಗೆ ಕೈ ಹಾಕಿರುತ್ತದೆ, ಏಕೆಂದರೆ ಹೊಸ ಕಡ್ಡಿ ಮುರಿಯುವುದಕ್ಕಿಂತ ಮುರಿದಿಟ್ಟ ಕಡ್ಡಿ ಎಳೆಯುವುದು ಸುಲಭ. ಯಜಮಾನನೇ ಇಲ್ಲದ ಮೇಲೆ ಅದನ್ನು ಕಳ್ಳತನ ಎನ್ನುವುದೂ ಕಷ್ಟ. ಗೊದ್ದ, ಜೇಡ, ಅಳಿಲು ಸಂದಿ ಹಿಡಿಯುತ್ತವೆ. ಮಡಿವಾಳ, ಕಾಜಾಣ, ಗೊರವಂಕ ಮಳೆ ನಿಂತ ಗಳಿಗೆಯಲ್ಲಿ ಅಂಚಿನ ಮೇಲೆ ಕೂತು ರೆಕ್ಕೆ ಒಣಗಿಸಿಕೊಂಡು ಹೋದರೆ ಆಶ್ಚರ್ಯವಿಲ್ಲ. ಒಬ್ಬರು ಕಟ್ಟಿಸಿ, ಯಾರು ಬೇಕಾದರೂ ಇಳಿದುಕೊಂಡು ಹೋಗುತ್ತಿದ್ದ ಹಳೆಯ ಕಾಲದ ಛತ್ರ ಇದ್ದ ಹಾಗೆ.

ಇಷ್ಟಾದರೂ ನಮ್ಮಲ್ಲಿ ಚಳಿಗಾಲದ ಖಾಲಿ ಗೂಡು ಇಲ್ಲವೇ ಇಲ್ಲ ಎಂದೇನೂ ಅಲ್ಲ. ಇದೆ, ಮತ್ತು ಈ ಇಡೀ ವಿಷಯದಲ್ಲಿ ನನಗೆ ಅತ್ಯಂತ ರುಚಿ ಅನ್ನಿಸುವ ಭಾಗ ಅದೇ. ದೊಡ್ಡ ಗಿಡುಗಗಳು ಒಂದೇ ಗೂಡನ್ನು ನಂಬಿ ಕೂರುವುದಿಲ್ಲ. ತಮ್ಮ ಸರಹದ್ದಿನೊಳಗೆ ಎರಡು, ಮೂರು ಗೂಡು ಇಟ್ಟುಕೊಂಡು, ಈ ವರ್ಷ ಇದು, ಮುಂದಿನ ವರ್ಷ ಅದು ಎಂದು ಬದಲಾಯಿಸುತ್ತವೆ. ಕಾರಣ ಒಂದೇ ಅಲ್ಲ. ಮರಿ ಬೆಳೆದ ಗೂಡಿನಲ್ಲಿ ಹೇನು, ಉಣ್ಣೆ, ರಕ್ತ ಹೀರುವ ನೊಣದ ಹುಳು ತುಂಬಿರುತ್ತವೆ. ಒಂದು ವರ್ಷ ಪಾಳು ಬಿಟ್ಟರೆ ಅವು ಹಸಿದು ಕಡಿಮೆಯಾಗುತ್ತವೆ. ಕಳೆದ ವರ್ಷ ಮರಿ ಸತ್ತಿದ್ದರೆ ಆ ಗೂಡಿನ ಮೇಲೆ ಮನಸ್ಸಿಲ್ಲ. ಮರ ಉರುಳಿದರೆ, ಜನ ಬಂದು ಗಲಾಟೆ ಮಾಡಿದರೆ ಇನ್ನೊಂದಕ್ಕೆ ಹೋಗಬಹುದು. ಅಂದರೆ ಯಾವುದೇ ಡಿಸೆಂಬರಿನಲ್ಲಿ ಒಂದು ಜೋಡಿಯ ಒಂದು ಗೂಡು ತುಂಬಿದ್ದರೆ ಇನ್ನೊಂದು ಮೀಸಲು.

ಈ ಮೀಸಲು ಗೂಡಿನ ಮೇಲೆ ಕಣ್ಣಿಟ್ಟು ಕಾಯುವುದು ಬೂದುಬಣ್ಣದ ಕೊಂಬಿನ ಗೂಬೆ. ಇದು ಬಂಡೆಯ ಗೂಬೆಯ ಸೋದರಿ, ಆದರೆ ಮರವಾಸಿ: ನೀರಿನ ಹತ್ತಿರದ ಹಳೆಯ ಮಾವಿನ ತೋಪು, ದಾರಿಬದಿಯ ಹುಣಿಸೆ ಸಾಲು ಇದರ ಊರು. ಡಿಸೆಂಬರ್ ಹೊತ್ತಿಗೆ ಗಿಡುಗ, ಹದ್ದು ಅಥವಾ ರಣಹದ್ದಿನ ಹಳೆಯ ಗೂಡನ್ನು ಹಿಡಿದು, ಸಾಮಾನ್ಯವಾಗಿ ಎರಡು ಮೊಟ್ಟೆ ಇಡುತ್ತದೆ. ಗೂಡಿಗೆ ಒಂದು ಕಡ್ಡಿಯನ್ನೂ ಸೇರಿಸುವುದಿಲ್ಲ. ಇದರ ಕೂಗು ಮೊದಲು ಬಿಡಿಬಿಡಿ, ಆಮೇಲೆ ಬೇಗಬೇಗ, ಕೊನೆಗೆ ಒಂದರ ಮೇಲೊಂದು ಬಿದ್ದು ಅಡಗುತ್ತದೆ. ಮೋಡ ಕವಿದ ದಿನ ಹಗಲಿನಲ್ಲೂ ಕೇಳಿಸುತ್ತದೆ. ಕಾಗೆಯನ್ನು ತಿನ್ನುವುದರಲ್ಲಿ ಇದು ಪಳಗಿದ ಗೂಬೆ. ಆ ಕಾರಣಕ್ಕೇ ಕಾಗೆಗಳಿಗೆ ಇದು ಆಜನ್ಮ ವೈರಿ. ಚಳಿಗಾಲದ ಮುಂಜಾವಿನಲ್ಲಿ ಒಂದೇ ಮರದ ಸುತ್ತ ಕಾಗೆಗಳು ಗಂಟಲು ಹರಿದುಕೊಳ್ಳುತ್ತಿದ್ದರೆ ಮೇಲೆ ನೋಡುವುದು ಒಳ್ಳೆಯದು.

ಮೀನು ತಿನ್ನುವ ಕಂದು ಗೂಬೆಯೂ ಕೆಲವೊಮ್ಮೆ ಹೀಗೆ ಹಳೆಯ ಗೂಡು ಹಿಡಿಯುತ್ತದೆ. ಫಾಲ್ಕನ್ ಕುಲವೂ ಗೂಬೆಯ ಹಾಗೆಯೇ ಕಟ್ಟಲು ಬಾರದ್ದು. ನಮ್ಮ ಬಯಲುಸೀಮೆಯ ಕೆಂಪುತಲೆಯ ಚಾಣ ಕಾಗೆಯ ಹಳೆಯ ಗೂಡಿನಲ್ಲಿ ಜನವರಿಯ ನಂತರ ಮೊಟ್ಟೆಯಿಡುತ್ತದೆ. ಕಾಗೆ ಆ ಗೂಡು ಕಟ್ಟಿದ್ದು ಹಿಂದಿನ ಬೇಸಿಗೆಯಲ್ಲಿ. ಈ ಬೇಸಿಗೆಗೆ ಮತ್ತೆ ಕಟ್ಟುವಷ್ಟರಲ್ಲಿ ಚಾಣದ ಮರಿ ಹಾರಿರುತ್ತದೆ. ಕಟ್ಟುವವರ ಕಾಲ, ಹಿಡಿಯುವವರ ಕಾಲ ಹೀಗೆ ಒಂದರ ಬೆನ್ನಿಗೊಂದು ಹೊಂದಿಕೊಂಡಿರುವುದರಿಂದಲೇ ಈ ಏರ್ಪಾಡು ಜಗಳವಿಲ್ಲದೆ ನಡೆಯುತ್ತದೆ. ಅಕ್ಟೋಬರ್, ನವೆಂಬರಿನಲ್ಲಿ ನಾಗಾಲ್ಯಾಂಡಿನಲ್ಲಿ ಲಕ್ಷಗಟ್ಟಲೆ ಇಳಿದು ಆಫ್ರಿಕಕ್ಕೆ ಹಾರುವ ಅಮುರ್ ಫಾಲ್ಕನ್ ಕೂಡ ತನ್ನ ಊರಿನಲ್ಲಿ ಬಹುಪಾಲು ಕಾಗೆಯ ಬಂಧುವಾದ ಮ್ಯಾಗ್‌ಪೈ ಬಿಟ್ಟ ಗೂಡಿನಲ್ಲೇ ಹುಟ್ಟಿ ಬಂದದ್ದು. ಕಟ್ಟುವ ಹಕ್ಕಿಗಳು ಒಂದು ಪ್ರದೇಶದಲ್ಲಿ ಕಡಿಮೆಯಾದರೆ ಕಟ್ಟಲಾರದ ಇವಕ್ಕೂ ಮನೆಯಿಲ್ಲ. ಮರವಾಸಿ ಗೂಬೆ ಉಳಿಯಬೇಕೆಂದರೆ ಮೊದಲು ಗಿಡುಗ ಉಳಿಯಬೇಕು ಎಂಬ ಸರಳ ಲೆಕ್ಕವನ್ನು ಪಕ್ಷಿ ಸಂರಕ್ಷಣೆಯ ಮಾತುಗಳಲ್ಲಿ ನಾನು ಅಪರೂಪಕ್ಕೂ ಕೇಳಿಲ್ಲ.

ಯಜಮಾನ ಮನೆಯಲ್ಲಿರುವಾಗಲೇ ಬಂದು ನೆಲೆಸುವ ಧೈರ್ಯಶಾಲಿಗಳೂ ಉಂಟು. ಬಿಳಿಗಂಟಲಿನ ರಾಟವಾಳ, ಬೆರಳುದ್ದದ ಕಾಳುತಿನಿ, ರಣಹದ್ದು ಅಥವಾ ಕೊಕ್ಕರೆಯ ದೊಡ್ಡ ಗೂಡಿನ ತಳದಲ್ಲಿ ತನ್ನ ಹುಲ್ಲಿನ ಉಂಡೆ ಸೇರಿಸಿ ಮರಿ ಮಾಡುವುದುಂಟು. ಗುಬ್ಬಚ್ಚಿಗಳೂ ಬೇರೆ ಬೇರೆ ದೇಶಗಳಲ್ಲಿ ಹೀಗೆ ಮಾಡುತ್ತವೆ. ಮೇಲುಮಹಡಿಯಲ್ಲಿ ಗಿಡುಗವೇ ಇದ್ದರೂ ಅದಕ್ಕೆ ಇವು ಒಂದು ತುತ್ತಿಗೂ ಸಾಲವು, ಹಿಡಿಯುವ ಶ್ರಮಕ್ಕೆ ಬೆಲೆಯಿಲ್ಲ. ಆದರೆ ಗಿಡುಗ ಇರುವ ಮರಕ್ಕೆ ಕಾಗೆ ಸುಲಭವಾಗಿ ಬರುವುದಿಲ್ಲ. ದೊಡ್ಡವನ ಕೆಳಗೆ ಇದ್ದರೆ ಮಧ್ಯಮ ಗಾತ್ರದ ಪುಂಡರಿಂದ ರಕ್ಷಣೆ.

ಅತಿಥಿಗಳು ಹೆಚ್ಚಿದಷ್ಟೂ ಮನೆಯಲ್ಲಿ ಜನ ಇದ್ದಾರೆ ಎಂದು ತೋರಿಸಿಕೊಳ್ಳುವುದು ಮುಖ್ಯವಾಗುತ್ತದೆ. ಸ್ಪೇನಿನ ಡೊನ್ಯಾನಾದಲ್ಲಿ ನಮ್ಮೂರ ಹದ್ದಿನದೇ ಜಾತಿಯ ಹಕ್ಕಿಗಳನ್ನು ವರ್ಷಗಟ್ಟಲೆ ಗಮನಿಸಿದ ವಿಜ್ಞಾನಿಗಳು 2011ರಲ್ಲಿ ಒಂದು ವಿಷಯ ಪ್ರಕಟಿಸಿದರು. ಹದ್ದುಗಳು ಗೂಡಿನಲ್ಲಿ ಬಿಳಿ ಪ್ಲಾಸ್ಟಿಕ್ ಹಾಸುವುದು ಮೆತ್ತಗಿರಲೆಂದಲ್ಲ. ಪ್ರಾಯದ, ಗಟ್ಟಿಮುಟ್ಟಾದ ಜೋಡಿಗಳು ಹೆಚ್ಚು ಪ್ಲಾಸ್ಟಿಕ್ ಹಾಸುತ್ತಿದ್ದವು, ಮತ್ತು ಅಂಥ ಗೂಡಿಗೆ ಬೇರೆ ಹದ್ದುಗಳು ನುಗ್ಗುವುದು ಕಡಿಮೆಯಿತ್ತು. ತೀರಾ ಎಳೆಯವು, ತೀರಾ ಮುದಿಯಾದವು ಜಂಬ ಕೊಚ್ಚಿಕೊಳ್ಳಲು ಹೋಗುತ್ತಿರಲಿಲ್ಲ. ನಮ್ಮ ಊರುಗಳ ಹದ್ದಿನ ಗೂಡಿನಲ್ಲಿ ಸಿಗುವ ಚಿಂದಿ, ದಾರ, ಪ್ಲಾಸ್ಟಿಕ್ ಕವರನ್ನು ಬರೀ ಕಸ ಎಂದು ತಳ್ಳಿಹಾಕುವ ಮೊದಲು ಇದನ್ನು ನೆನೆಯಬಹುದು. ಗಿಡುಗಗಳು ಮೊಟ್ಟೆಯ ಕಾಲದಲ್ಲಿ ಹಸಿರೆಲೆಯ ಚಿಗುರು ತಂದು ಹಾಸುತ್ತವೆ. ಅದು ಹುಳು ಓಡಿಸಲಿಕ್ಕೆ ಎನ್ನುವವರಿದ್ದಾರೆ, ಇಲ್ಲಿ ಆಳಿದ್ದಾನೆ ಎಂಬ ಬೋರ್ಡು ಎನ್ನುವವರಿದ್ದಾರೆ, ಎರಡೂ ಇರಬಹುದು.

ವರ್ಷ ವರ್ಷವೂ ಮೇಲೆ ಮೇಲೆ ಕಟ್ಟುತ್ತ ಹೋದರೆ ಗೂಡು ಎಷ್ಟಾದೀತು? ಅಮೆರಿಕದ ಫ್ಲಾರಿಡಾದಲ್ಲಿ 1963ರಲ್ಲಿ ಅಳೆದ ಬಿಳಿತಲೆ ಗಿಡುಗದ ಗೂಡೊಂದು 6 ಮೀಟರ್ ಆಳ, ಸುಮಾರು 3 ಮೀಟರ್ ಅಗಲ ಇತ್ತು. ತೂಕ 2 ಟನ್ನಿಗೂ ಹೆಚ್ಚೆಂದು ಅಂದಾಜು. ಸ್ಪೇನಿನಲ್ಲಿ ಗಡ್ಡದ ರಣಹದ್ದುಗಳು ನಾಮಾವಶೇಷವಾದ ಬಂಡೆಗಳ ಹಳೆಯ ಗೂಡುಗಳನ್ನು ಪದರ ಪದರವಾಗಿ ಬಿಡಿಸಿದಾಗ ಹುಲ್ಲಿನಿಂದ ಹೆಣೆದ, ಸುಮಾರು 700 ವರ್ಷ ಹಳೆಯ ಚಪ್ಪಲಿಯೊಂದು ಸಿಕ್ಕಿತು. ಹಕ್ಕಿ ಎತ್ತಿಕೊಂಡು ಹೋದದ್ದನ್ನು ಒಣ ಗುಹೆ ಕಾಪಾಡಿತ್ತು.

ಆ ಗೂಡುಗಳು ಋತುವಿಗೆ ಖಾಲಿಯಾದವಲ್ಲ, ಕುಲಕ್ಕೇ ಖಾಲಿಯಾದವು. ಅಂಥವು ನಮ್ಮಲ್ಲೂ ಇವೆ. ರಾಮನಗರದ ರಾಮದೇವರಬೆಟ್ಟದ ಬಂಡೆಗೋಡೆಯಲ್ಲಿ ಉದ್ದಕೊಕ್ಕಿನ ರಣಹದ್ದುಗಳು ಚಳಿಗಾಲದಲ್ಲೇ ಒಂದೊಂದೇ ಮೊಟ್ಟೆಯಿಡುತ್ತಿದ್ದವು. 1990ರ ದಶಕದಲ್ಲಿ ದೇಶದಾದ್ಯಂತ ರಣಹದ್ದುಗಳು ಕುಸಿದವು. ದನಗಳಿಗೆ ನೋವಿಗೆಂದು ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧಿ ಸತ್ತ ದನದ ಮಾಂಸದಲ್ಲಿ ಉಳಿದು, ತಿಂದ ಹಕ್ಕಿಯ ಮೂತ್ರಪಿಂಡ ಕೆಡಿಸುತ್ತದೆ ಎಂಬುದು 2004ರಲ್ಲಿ ಖಚಿತವಾಯಿತು. 2006ರಲ್ಲಿ ಪಶುಗಳಿಗೆ ಅದರ ಬಳಕೆಯನ್ನು ಸರ್ಕಾರ ನಿಷೇಧಿಸಿತು. 2012ರಲ್ಲಿ ರಾಮದೇವರಬೆಟ್ಟ ರಣಹದ್ದು ಧಾಮವಾಯಿತು. ಧಾಮವಾದ ಮೇಲೂ ಅಲ್ಲಿ ಉಳಿದವು ಬೆರಳೆಣಿಕೆಯಷ್ಟು. ಬಂಡೆಯ ಮೇಲೆ ಇಳಿದ ಹಿಕ್ಕೆಯ ಬಿಳಿ ಗೆರೆಗಳು ಮಾತ್ರ ಹಕ್ಕಿ ಹೋದ ಮೇಲೂ ಸುಲಭಕ್ಕೆ ಅಳಿಯುವುದಿಲ್ಲ. ಉತ್ತರದಲ್ಲಿ ಜನವರಿಯ ಖಾಲಿ ಗೂಡು ಸಹಜ. ನಮ್ಮ ಜನವರಿಯಲ್ಲಿ ದೊಡ್ಡ ಗಿಡುಗದ ಒಂದು ಜೋಡಿಯ ಎಲ್ಲ ಗೂಡುಗಳೂ ಖಾಲಿ ಇದ್ದರೆ ಏನೋ ಎಡವಟ್ಟಾಗಿರಬಹುದು.

ಗೂಡು ಯಾವಾಗ ಖಾಲಿ ಎಂಬುದು ಕಾನೂನಿಗೂ ತಾಕುವ ವಿಷಯ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಡುಹಕ್ಕಿಯ ಮೊಟ್ಟೆ ತೆಗೆಯುವುದನ್ನು, ಗೂಡು ಕೆಡಿಸುವುದನ್ನು ಬೇಟೆ ಎಂದೇ ಎಣಿಸುತ್ತದೆ. ಆದರೆ ರಸ್ತೆ ಅಗಲ ಮಾಡುವಾಗ ಮರ ನೋಡಲು ಬಂದವರು ಜುಲೈಯಲ್ಲಿ ಬಂದರೆ ಅವರಿಗೆ ಕಾಣುವುದು ನಾಲ್ಕು ಒಣಕಡ್ಡಿ. ಗೂಡಿದೆ, ಹಕ್ಕಿಯಿಲ್ಲ, ಕಡಿಯಲು ಅಡ್ಡಿಯಿಲ್ಲ ಎಂದು ಬರೆದರೆ ಆ ಕ್ಷಣಕ್ಕೆ ಅದು ಸುಳ್ಳೂ ಅಲ್ಲ. ಅಮೆರಿಕದಲ್ಲಿ 1940ರಿಂದ ಇರುವ ಗಿಡುಗ ಕಾಯ್ದೆಯ ಪ್ರಕಾರ ಹಕ್ಕಿ ಇರಲಿ ಬಿಡಲಿ, ಅನುಮತಿಯಿಲ್ಲದೆ ಗೂಡು ತೆಗೆಯುವ ಹಾಗಿಲ್ಲ. ಬ್ರಿಟನ್ನಿನಲ್ಲೂ ಚಿನ್ನದ ಗಿಡುಗದಂಥ ಕೆಲವು ಹಕ್ಕಿಗಳ ಗೂಡಿಗೆ ವರ್ಷವಿಡೀ ರಕ್ಷಣೆ. ಇಲ್ಲಿ ಅಷ್ಟು ದೊಡ್ಡ ಕಾಯ್ದೆ ಬರುವವರೆಗೆ ಕಾಯಬೇಕಾಗಿಲ್ಲ; ಬೇಟೆಹಕ್ಕಿಯ ಗೂಡಿರುವ ಮರವನ್ನು ಡಿಸೆಂಬರ್ ಮತ್ತು ಮಾರ್ಚ್ ನಡುವೆ ಒಮ್ಮೆ ನೋಡಿಯೇ ತೀರ್ಮಾನಿಸಬೇಕೆಂದು ಅರಣ್ಯ ಇಲಾಖೆ ಒಂದು ಸುತ್ತೋಲೆ ಹೊರಡಿಸಿದರೂ ಸಾಕಷ್ಟಾಯಿತು. ದೇವನಹಳ್ಳಿ ಬಳಿಯ ನಲ್ಲೂರಿನ ಹುಣಿಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಗಿ ಉಳಿದುಕೊಂಡಿತು. ಅದರ ಅದೃಷ್ಟ ದಾರಿಬದಿಯ ಒಂಟಿ ಹುಣಿಸೆಗಿಲ್ಲ.

ನಂದಿಯ ಸುತ್ತಮುತ್ತ ಈ ಚಳಿಗಾಲದಲ್ಲಿ ಕಡ್ಡಿಯ ದೊಡ್ಡ ಗೂಡೊಂದು ಕಂಡರೆ ಮರ ಹತ್ತುವುದು ಬೇಡ, ಡ್ರೋನಂತೂ ಬೇಡವೇ ಬೇಡ. ದೂರದಲ್ಲಿ ನಿಂತು ಬೈನಾಕ್ಯುಲರಿನಲ್ಲಿ ಮೊದಲು ಮರದ ಬುಡ ನೋಡಿ. ಹೊಸ ಬಿಳಿ ಹಿಕ್ಕೆ, ಕೂದಲು, ಮೂಳೆಯ ಒಣ ಉಂಡೆ ಬಿದ್ದಿದ್ದರೆ ಮೇಲೆ ಯಾರೋ ಇದ್ದಾರೆ. ಅಂಚಿನಲ್ಲಿ ಬಾಡದ ಹಸಿರೆಲೆ ಕಂಡರೆ ಗಿಡುಗ ಒಕ್ಕಲಿದೆ. ಬುಡ ಚೊಕ್ಕಟವಾಗಿದ್ದು ಕಡ್ಡಿಗಳು ಬೂದಿಬಣ್ಣಕ್ಕೆ ತಿರುಗಿದ್ದರೆ ಇದು ಮೀಸಲು ಗೂಡು. ಅಂಥಲ್ಲಿ ಅರ್ಧ ಗಂಟೆ ಕೂತರೆ ಯಾವ ಯಾವ ಹಕ್ಕಿ ಬಂದುಹೋಯಿತೆಂದು ಬರೆದಿಟ್ಟುಕೊಳ್ಳಬಹುದು. ಹಸಿರೆಲೆಯೂ ಇಲ್ಲ, ಆದರೆ ಅಂಚಿನಿಂದ ಮೇಲಕ್ಕೆ ಎರಡು ಕಿವಿಯಂಥ ಪುಕ್ಕ ಚಾಚಿದೆ ಎಂದಾದರೆ ತಡಮಾಡದೆ ಹೊರಡಿ. ಗೂಬೆ ಮೊಟ್ಟೆಯ ಮೇಲಿದೆ. ನಿಮ್ಮನ್ನು ಕಂಡು ಅದು ಎದ್ದು ಹಾರಿದರೆ ಹತ್ತಿರದ ಕಾಗೆಗಳಿಗೆ ಅಷ್ಟೇ ಸಾಕು.